ತೋಳಿನ ಮೇಲಣ ಮಾತು

ಕಳೆದ ತಿಂಗಳು ಒಂದು ಸಾಯಂಕಾಲ ನಾವು ಜಗುಲಿಯಲ್ಲಿ ಕುಳಿತು ಪಂಚಾಂಗವನ್ನು ತಿರುವಿಹಾಕುತ್ತಿದ್ದಾಗ, ಎದುರುಮನೆಯ ಹಿರಿಯ ಗೃಹಿಣಿಯೊಬ್ಬರು ಒಂದು ಕೈಯಲ್ಲಿ ಸೂಜಿದಾರದ ಡಬ್ಬಿಯನ್ನೂ ಇನ್ನೊಂದು ಕೈಯಲ್ಲಿ ಮಡಿಸಿದ ಅಂಗಿಯನ್ನೂ ಹಿಡಿದುಕೊಂಡು ಬಂದರು. ಅವರ ಮೊಮ್ಮಗ ಎಂಟನೆಯ ತರಗತಿಯಲ್ಲಿ ಓದತಕ್ಕವನು. ಶಾಲೆಯ ಸ್ಕೌಟುದಳಕ್ಕೆ ಸೇರಿ ಒಂದು ವರ್ಷವಾಯಿತು. ಮರುದಿನ ಬೆಳಗ್ಗೆ ಜಿಲ್ಲಾ ಮೇಳಕ್ಕೆ ಹೊರಡುವವನಿದ್ದನು. "ಮೇಷ್ಟ್ರೇ, ನೀವು ಎಷ್ಟೋ ವರ್ಷ ಸ್ಕೌಟು ನಡೆಸಿದವರು. ಈ ಬ್ಯಾಡ್ಜುಗಳನ್ನು ಎಲ್ಲೆಲ್ಲಿ ಹೊಲಿಯಬೇಕು ಹೇಳಿಕೊಡಿ. ಹುಡುಗ ಒಂದೊಂದು ಸಲ ಒಂದೊಂದು ಹೇಳುತ್ತಾನೆ" ಎಂದು ಡಬ್ಬಿಯ ಮುಚ್ಚಳವನ್ನು ತೆಗೆದು ಜಗುಲಿಯ ಮೇಲೆ ಸುರಿದರು.

ಎಣಿಸಿದೆವು, ಒಂಬತ್ತಿದ್ದವು. ಅವುಗಳಲ್ಲಿ ಮೂರು ಹುಡುಗನಿಗೆ ದಳದಿಂದಲೇ ಬಂದವು: ಸದಸ್ಯತ್ವದ ಗುರುತು, ವಿಶ್ವಸ್ಕೌಟು ಗುರುತು, ಪ್ರಥಮ ಸೋಪಾನದ ಗುರುತು. ಇನ್ನು ಮೂರು ನೆನಪಿನ ಬಿಲ್ಲೆಗಳು. 2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯಲ್ಲಿ ನಡೆದ ಜಾಂಬೂರಿಗೆ ಹೋಗಿದ್ದ ಸೋದರತ್ತೆಯ ಮಗನು ಎರಡನ್ನು ಕೊಟ್ಟಿದ್ದನು. ಒಂದು ಅಮೆರಿಕೆಯಲ್ಲಿರುವ ಚಿಕ್ಕಪ್ಪನ ಮನೆಯಿಂದ ಬಂದದ್ದು. ಉಳಿದ ಮೂರರಲ್ಲಿ ಒಂದು ಪ್ರಥಮ ಚಿಕಿತ್ಸೆಯದು, ಒಂದು ಅಡಿಗೆಯದು, ಒಂದು ಈಜಿನದು. ಇವು ಎಲ್ಲಿಂದ ಬಂದುವೆಂದು ವಿಚಾರಿಸಿದೆವು. ಹುಡುಗನ ತಂದೆ ಸಮವಸ್ತ್ರ ಮಾರುವ ಅಂಗಡಿಯಿಂದ ಕೊಂಡು ತಂದರಂತೆ.

"ಹುಡುಗನಿಗೆ ಈಜು ಬರುತ್ತದೆಯೇ, ತಾಯಿ?"

"ಎಲ್ಲಿಯ ಈಜು ಮೇಷ್ಟ್ರೇ! ಅವನು ಬಾವಿಯ ಹತ್ತಿರ ಹೋದರೇ ನನ್ನ ಎದೆ ಹಾರುತ್ತದೆ. ಉಳಿದ ಹುಡುಗರ ಅಂಗಿಯೆಲ್ಲ ತುಂಬಿಕೊಂಡಿದೆಯಂತೆ, ಇವನದು ಬೋಳಾಗಿ ಕಾಣುತ್ತದೆಯಂತೆ. ಹೋಗಲಿ ಅಂತ ಅವರಪ್ಪ ತಂದುಕೊಟ್ಟ."

ಆಕೆಯ ಮಾತಿನಲ್ಲಿ ಕಪಟವೇನೂ ಇರಲಿಲ್ಲ. ಮದುವೆಗೆ ಹೊರಟ ಮಗುವಿಗೆ ಕೊರಳಿನಲ್ಲಿ ಏನೂ ಇಲ್ಲವೆಂದು ನೆರೆಮನೆಯಿಂದ ಸರವನ್ನು ಎರವು ತರುವುದು ನಮ್ಮ ಸಂಸಾರಗಳಲ್ಲಿ ಇಲ್ಲದ ಮಾತಲ್ಲ. ಇದೂ ಅಂಥದೇ ಎಂದು ಆಕೆ ಎಣಿಸಿದ್ದರು. ನೋಡುವ ಕಣ್ಣಿಗೆ ಒಂಬತ್ತೂ ಬಿಲ್ಲೆಗಳು ಬಣ್ಣದ ದಾರದಿಂದ ಕಸೂತಿಮಾಡಿದ ಬಟ್ಟೆಯ ತುಣುಕುಗಳೇ ಸರಿ. ಆದರೆ ಅವು ಆಡುವ ಮಾತು ಒಂದೇ ಅಲ್ಲ. ಮೊದಲ ಮೂರು 'ನಾನು ಇಂಥವರಿಗೆ ಸೇರಿದವನು, ಇಷ್ಟು ಮೆಟ್ಟಿಲು ಹತ್ತಿದ್ದೇನೆ' ಎನ್ನುತ್ತವೆ. ನಡುವಣ ಮೂರು 'ನಾನು ಅಲ್ಲಿದ್ದೆ' ಎನ್ನುತ್ತವೆ. ಕಡೆಯವು 'ನನಗೆ ಇದು ಬರುತ್ತದೆ, ಬೇಕಾದಾಗ ನನ್ನನ್ನು ಕರೆಯಿರಿ' ಎಂದು ಕಾಣದ ಪರರಿಗೆ ಭಾಷೆ ಕೊಡುತ್ತವೆ. ಬಾಯಿ ತೆರೆಯದೆ ಆಡಿದ ಮಾತಾದರೂ ಮಾತೇ.

ಈ ಗುರುತುಗಳ ಮೂಲವನ್ನು ನೋಡಿದರೆ ವಿಷಯವು ಇನ್ನಷ್ಟು ತಿಳಿಯಾಗುವುದು. ಸ್ಕೌಟು ಪದ್ಧತಿಯ ಸ್ಥಾಪಕರಾದ ಬೇಡನ್ ಪೊವೆಲ್ಲರು ಹುಡುಗರ ಕೆಲಸಕ್ಕೆ ಕೈಹಾಕುವುದಕ್ಕೆ ಮೊದಲು ಸೈನ್ಯದಲ್ಲಿ ಅಧಿಕಾರಿಗಳಾಗಿದ್ದರು. 1897ರಲ್ಲಿ ನಮ್ಮ ದೇಶಕ್ಕೇ ಬಂದು, ಮೀರತ್ತಿನಲ್ಲಿದ್ದ ಅಶ್ವದಳವೊಂದರ ನಾಯಕತ್ವವನ್ನು ವಹಿಸಿಕೊಂಡು, ಮುಂದೆ ಹೋಗಿ ಶತ್ರುವಿನ ಸುಳಿವನ್ನು ತಿಳಿದುಬರುವ ವಿದ್ಯೆಯಲ್ಲಿ ಪಳಗಿದ ಸಿಪಾಯಿಗಳಿಗೆ ಒಂದು ಗುರುತನ್ನು ಕೊಡುವ ಪದ್ಧತಿಯನ್ನು ಹಾಕಿದರು. ಮೂರೆಸಳಿನ ಹೂವಿನಂತೆ ಕಾಣುವ ಆ ಗುರುತು ವಾಸ್ತವವಾಗಿ ದಿಕ್ಸೂಚಿಯಲ್ಲಿ ಉತ್ತರದಿಕ್ಕನ್ನು ತೋರಿಸುವ ಚಿಹ್ನೆ. ದಾರಿ ತಪ್ಪದವನು, ದಾರಿ ತೋರಿಸಬಲ್ಲವನು ಎಂದು ಅದರ ಅರ್ಥ. ಅನಂತರ 1907ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಇಪ್ಪತ್ತು ಮಂದಿಯಷ್ಟು ಹುಡುಗರನ್ನು ಸೇರಿಸಿ ಮೊದಲ ಪರೀಕ್ಷಾಶಿಬಿರವನ್ನು ನಡೆಸಿದಾಗ, ಅದೇ ಆಕೃತಿಯನ್ನು ಹಿತ್ತಾಳೆಯಲ್ಲಿ ಮಾಡಿಸಿ ಅವರಿಗೆ ಕೊಟ್ಟರು. ಆದರೆ ಅದರ ಕೆಳಗೆ 'ಸಿದ್ಧನಾಗಿರು' ಎಂಬರ್ಥದ ಇಂಗ್ಲಿಷ್ ಮಾತುಗಳನ್ನು ಕೆತ್ತಿದ್ದ ಇನ್ನೊಂದು ಸಣ್ಣ ಪಟ್ಟಿಯಿತ್ತಲ್ಲ, ಅದನ್ನು ಒಡನೆಯೇ ಕೊಡಲಿಲ್ಲ. ಗಂಟು ಹಾಕುವುದು, ಹೆಜ್ಜೆಗುರುತನ್ನು ಹಿಡಿದು ಹೋಗುವುದು, ರಾಷ್ಟ್ರಧ್ವಜದ ವಿಷಯ, ಇಷ್ಟರಲ್ಲಿ ಪರೀಕ್ಷೆ ಕೊಟ್ಟು ಗೆದ್ದ ಮೇಲೆಯೇ ಆ ಪಟ್ಟಿ ಹುಡುಗನ ಎದೆಗೆ ಬರುತ್ತಿತ್ತು. ಬಂದವರಿಗೆಲ್ಲ ಒಂದು, ಕಲಿತವರಿಗೆ ಇನ್ನೊಂದು ಎಂಬ ಭೇದವು ಮೊದಲ ಶಿಬಿರದಲ್ಲಿಯೇ ಇದ್ದಿತೆಂಬುದನ್ನು ವಾಚಕರು ಗಮನಿಸಬೇಕು.

ನಮ್ಮಲ್ಲಿ ಈಗ ನಡೆಯುತ್ತಿರುವ ಪದ್ಧತಿಯ ಹೆಸರುಗಳೇ ಸಂಸ್ಕೃತದವು: ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ಅದರ ಮೇಲೆ ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರ. ಸೋಪಾನವೆಂದರೆ ಮೆಟ್ಟಿಲು. ಮೆಟ್ಟಿಲನ್ನು ಹತ್ತಬಹುದೇ ಹೊರತು ಕೊಂಡು ತಂದು ಜೇಬಿನಲ್ಲಿ ಇಟ್ಟುಕೊಳ್ಳುವುದು ಸಾಧ್ಯವಿಲ್ಲ. ಇದನ್ನು ಬರಿಯ ಮಕ್ಕಳಾಟವೆಂದು ತಿಳಿಯಲಾಗದು. ರೈಲ್ವೆ ಇಲಾಖೆಯಲ್ಲಿ ಸ್ಕೌಟು ಗೈಡುಗಳಿಗೆಂದೇ ಕೆಲವು ಹುದ್ದೆಗಳನ್ನು ಮೀಸಲಿಡುವ ಪದ್ಧತಿಯುಂಟು. ಮೇಲಣ ಸೋಪಾನಗಳನ್ನು ಹತ್ತಿದವರಿಗೆ ಅದು ಅನ್ನದ ದಾರಿ. ಎಲ್ಲರ ತೋಳೂ ತುಂಬಿದ್ದರೆ ನಿಜವಾಗಿ ಕಲಿತವನ ಗುರುತಿಗೆ ಬೆಲೆಯೆಲ್ಲಿ?

ಆದರೆ 'ಅಧಿಕೃತವಲ್ಲದ್ದೆಲ್ಲ ಹುಸಿ' ಎಂದು ಸಾಧಿಸಲು ಹೊರಟರೆ ಚರಿತ್ರೆಯೇ ನಮಗೆ ಅಡ್ಡ ನಿಲ್ಲುವುದು. 1909ರಲ್ಲಿ ಬೆಂಗಳೂರಿನಲ್ಲಿ ಕ್ಯಾಪ್ಟನ್ ಬೇಕರರು ಭಾರತದ ಮೊದಲ ಸ್ಕೌಟುದಳವನ್ನು ಕಟ್ಟಿದರಷ್ಟೆ. ಅದು ಯೂರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಬಾಲಕರಿಗಾಗಿ ಇದ್ದ ದಳ. ಈ ದೇಶದ ಹುಡುಗರಿಗೆ ಅಂಥ ದಳಗಳಲ್ಲಿ ಪ್ರವೇಶವಿರಲಿಲ್ಲ. ಗಂಟು ಹಾಕಲು ಬರಲಿ, ಕಾಡಿನಲ್ಲಿ ದಾರಿ ಹಿಡಿಯಲು ಬರಲಿ, ಹುಟ್ಟಿನ ಕಾರಣದಿಂದ ಅವರ ಎದೆ ಬರಿದಾಗಿಯೇ ಇರಬೇಕಾಗಿತ್ತು. ಆಗ ಆನಿ ಬೆಸೆಂಟರೂ ಅರುಂಡೇಲರೂ ಮದರಾಸಿನಲ್ಲಿ, ಮದನಮೋಹನ ಮಾಳವೀಯರೂ ಅವರ ಸಂಗಡಿಗರೂ ಉತ್ತರದಲ್ಲಿ ಬೇರೆ ಸಂಸ್ಥೆಗಳನ್ನು ಕಟ್ಟಿ ನಮ್ಮ ಹುಡುಗರಿಗೆ ಸಮವಸ್ತ್ರವನ್ನು ತೊಡಿಸಿದರು. ಆ ಗುರುತುಗಳಿಗೆ ಮೊದಲು ಸರ್ಕಾರದ ಮನ್ನಣೆ ಇರಲಿಲ್ಲ. ಆದರೂ ತೊಟ್ಟವರು ಅವುಗಳನ್ನು ಬೆವರಿನಿಂದ ಗಳಿಸಿದ್ದರು. ಈ ಬಗೆಬಗೆಯ ಸಂಸ್ಥೆಗಳು ಒಂದಾಗಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಎಂಬ ಹೆಸರು ಬಂದದ್ದು 1950ರ ನವೆಂಬರ್ 7ರಂದು. ಆದುದರಿಂದ ಅನಧಿಕೃತವೆಂಬುದು ಬೇರೆ, ಅನರ್ಜಿತವೆಂಬುದು ಬೇರೆ. ಮೊದಲನೆಯದು ನಿಯಮದ ಮಾತು, ಎರಡನೆಯದು ಸತ್ಯದ ಮಾತು. ನಿಯಮವು ಕಾಲಕಾಲಕ್ಕೆ ಬದಲಾಗುವುದು.

ನೆನಪಿನ ಬಿಲ್ಲೆಗಳ ವಿಷಯದಲ್ಲಿ ಅಮೆರಿಕೆಯವರ ಪದ್ಧತಿಯು ನಮಗೆ ಹಿಡಿಸಿತು. ಅಲ್ಲಿ ಶಿಬಿರಕ್ಕೊಂದು ಮೇಳಕ್ಕೊಂದು ಬಿಲ್ಲೆಯನ್ನು ಹಂಚುವುದೂ ಹುಡುಗರು ಅವುಗಳನ್ನು ಅದಲುಬದಲು ಮಾಡಿಕೊಳ್ಳುವುದೂ ಬಹಳ. ಆದರೆ ಅಂಗಿಯ ಬಲಜೇಬಿನ ಮೇಲೆ ಒಂದು ಸಲಕ್ಕೆ ಅಂಥ ಒಂದೇ ತಾತ್ಕಾಲಿಕ ಬಿಲ್ಲೆಗೆ ಎಡೆ. ಮಿಕ್ಕವನ್ನು ಶಿಬಿರಾಗ್ನಿಯ ಸುತ್ತ ಕುಳಿತಾಗ ಹೊದೆಯುವ ಕಂಬಳಿಗೆ ಹೊಲಿದುಕೊಳ್ಳುತ್ತಾರೆ. ಇನ್ನೊಂದು ಸೊಗಸಾದ ಏರ್ಪಾಡೆಂದರೆ, ಇಪ್ಪತ್ತೊಂದು ವಿದ್ಯೆಗಳ ಗುರುತುಗಳನ್ನೂ ಮತ್ತೆ ಕೆಲವು ಯೋಗ್ಯತೆಗಳನ್ನೂ ಸಂಪಾದಿಸಿ 'ಗರುಡ'ಪದವಿಗೇರಿದ ಹುಡುಗ ದೊಡ್ಡವನಾಗಿ ದಳದ ನಾಯಕನಾದಾಗ, ಆ ಬಾಲ್ಯದ ಗುರುತನ್ನು ಅಂಗಿಗೆ ಹೊಲಿಯುವುದಿಲ್ಲ. ಅದರ ಬದಲು ಚೌಕಗಂಟಿನ ಆಕಾರದ ಒಂದು ಚಿಕ್ಕ ಬಿಲ್ಲೆ ಮಾತ್ರ. ನಿಜವಾಗಿ ಗಳಿಸಿದ್ದಕ್ಕೂ ಅಲ್ಲಿ ಪ್ರಾಯಕ್ಕೆ ತಕ್ಕ ಸಂಕೋಚವುಂಟು. ನಮ್ಮ ಕಡೆಯ ಮೇಳಗಳಲ್ಲಿ ಎದೆಯ ಮೇಲೆ ಅಂಗೈಯಗಲ ಜಾಗವನ್ನೂ ಬಿಡದೆ ಬಿಲ್ಲೆ ಹೊತ್ತು ಬರುವ ಮಹನೀಯರು ಕೆಲವರನ್ನು ನಾವು ಕಂಡಿದ್ದೇವೆ. ಅವರನ್ನು ನೋಡಿಯೇ ಹುಡುಗರು ಕಲಿಯುತ್ತಾರೆ. ಈ ಮಾತು ಇಲ್ಲಿಗೆ ಸಾಕು.

ಸಂಸ್ಕೃತದಲ್ಲಿ 'ಲಾಂಛನ'ವೆಂಬ ಶಬ್ದಕ್ಕೆ ಗುರುತು ಎಂಬ ಅರ್ಥವೂ ಉಂಟು, ಚಂದ್ರನಲ್ಲಿ ಕಾಣುವಂಥ ಕಲೆ ಎಂಬ ಅರ್ಥವೂ ಉಂಟು. ತರಗತಿಯಲ್ಲಿ ಈ ಶಬ್ದ ಬಂದಾಗಲೆಲ್ಲ, ಒಂದೇ ಬಿಲ್ಲೆ ಒಬ್ಬನ ತೋಳಿನಲ್ಲಿ ಮೊದಲನೆಯ ಅರ್ಥವನ್ನೂ ಇನ್ನೊಬ್ಬನ ತೋಳಿನಲ್ಲಿ ಎರಡನೆಯ ಅರ್ಥವನ್ನೂ ಕೊಡುತ್ತದೆಂದು ಹುಡುಗರಿಗೆ ಹೇಳಿ ನಾವು ಹೆಮ್ಮೆಪಟ್ಟುಕೊಳ್ಳುತ್ತಿದ್ದೆವು. ನೀಲಿಯ ತೊಟ್ಟಿಯಲ್ಲಿ ಬಿದ್ದು ಅರಸನಾದ ನರಿಯ ಕಥೆಯನ್ನೂ ಜತೆಗೆ ಹೇಳುತ್ತಿದ್ದೆವು. ಹೇಳುವುದು ಸುಲಭ. ಆ ವಿಷಯದಲ್ಲಿ ನಮ್ಮ ಕೈಯಿಂದ ಆದ ಒಂದು ಕೆಲಸವನ್ನು ಇಲ್ಲಿ ಮರೆಮಾಚದೆ ಬರೆಯಬೇಕಾಗಿದೆ.

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ನಾವು ಆಗ ಒಂದು ಪ್ರೌಢಶಾಲೆಯಲ್ಲಿ ಉಪಾಧ್ಯಾಯರಾಗಿದ್ದು ದಳವನ್ನು ನಡೆಸುತ್ತಿದ್ದೆವು. ಊರ ಜಾತ್ರೆಯ ದಿನ ಹುಡುಗರು ಜನಸಂದಣಿಯನ್ನು ಸರಿಪಡಿಸುವುದಕ್ಕೂ ನೀರು ಕೊಡುವುದಕ್ಕೂ ನಿಂತಿದ್ದರು. ಮಧ್ಯಾಹ್ನ ಕಲ್ಯಾಣಿಯ ಮೆಟ್ಟಿಲಲ್ಲಿ ಒಬ್ಬ ವೃದ್ಧರು ಜಾರಿ ಬಿದ್ದು ತಲೆ ಒಡೆದುಕೊಂಡರು, ನೆತ್ತರು ಸುರಿಯುತ್ತಿತ್ತು. ಅವರ ಮಗ ಗಾಬರಿಯಿಂದ ಓಡಿಬಂದು, ಅಲ್ಲಿದ್ದ ಮೂವರು ಹುಡುಗರಲ್ಲಿ ತೋಳಿನ ಮೇಲೆ ಪ್ರಥಮ ಚಿಕಿತ್ಸೆಯ ಬಿಲ್ಲೆಯಿದ್ದವನ ಕೈಯನ್ನೇ ಹಿಡಿದು ಎಳೆದುಕೊಂಡು ಹೋದನು. ಹುಡುಗ ಹೋದನು; ಹೋಗಿ ನೆತ್ತರನ್ನು ನೋಡಿ ಕಂಬದಂತೆ ನಿಂತನು. ಪಟ್ಟಿ ಕಟ್ಟಬಲ್ಲ ಇನ್ನಿಬ್ಬರು, ಗುರುತಿದ್ದವನೇ ಹೋದನಲ್ಲ ಎಂದು ತಮ್ಮ ಜಾಗದಲ್ಲೇ ನಿಂತಿದ್ದರು. ಯಾರೋ ಕೂಗಿದ ಮೇಲೆ ಅವರಲ್ಲೊಬ್ಬನು ಬಂದು ಗಾಯವನ್ನು ಒತ್ತಿ ಹಿಡಿದು ಕಟ್ಟಿದನು. ಕೆಲವು ನಿಮಿಷಗಳು ವ್ಯರ್ಥವಾಗಿದ್ದವು. ದೇವರ ದಯದಿಂದ ವೃದ್ಧರು ಉಳಿದರು.

ಸಾಯಂಕಾಲ ದಳವನ್ನೆಲ್ಲ ಸಾಲಾಗಿ ನಿಲ್ಲಿಸಿ, ಆ ಹುಡುಗನನ್ನು ಮುಂದಕ್ಕೆ ಕರೆದು, ಮೂವತ್ತು ಮಂದಿಯ ಎದುರಿಗೆ ಅವನ ತೋಳಿನ ಬಿಲ್ಲೆಯನ್ನು ನಾವು ಬ್ಲೇಡಿನಿಂದ ಬಿಚ್ಚಿದೆವು. ಅವನು ಒಂದು ಮಾತನ್ನೂ ಆಡಲಿಲ್ಲ. ಸ್ಕೌಟಿನ ಮೊದಲ ನಿಯಮವೇ ವಿಶ್ವಾಸಾರ್ಹತೆ ಎಂಬುದನ್ನು ಕುರಿತು ನಾವು ಹತ್ತು ನಿಮಿಷ ಮಾತನಾಡಿದೆವು. ಚೆನ್ನಾಗಿಯೇ ಮಾತನಾಡಿದೆವೆಂದು ಆಗ ತೋರಿತ್ತು.

ಆ ಹುಡುಗ ಮತ್ತೆ ದಳಕ್ಕೆ ಬರಲಿಲ್ಲ. ಒಂದು ವಾರ ಕಳೆದ ಮೇಲೆ ಅವರ ಮನೆಗೆ ಹೋದೆವು. ತಾಯಿ ಮಜ್ಜಿಗೆ ಕೊಟ್ಟು ಉಪಚರಿಸಿದರು. ಹುಡುಗ ಬಾಗಿಲ ಹಿಂದಿನಿಂದ ಈಚೆಗೆ ಬರಲಿಲ್ಲ. ಆ ಅಂಗಿ ಅವನದಲ್ಲ, ಅವನ ಅಣ್ಣನದು. ಅಣ್ಣ ಓದನ್ನು ಬಿಟ್ಟು ಮುಂಬಯಿಗೆ ಹೋಟೆಲು ಕೆಲಸಕ್ಕೆ ಹೋಗಿದ್ದನು. ಹೊಸ ಅಂಗಿ ಹೊಲಿಸಲು ಅನುಕೂಲವಿಲ್ಲದೆ ಅದನ್ನೇ ಚಿಕ್ಕದು ಮಾಡಿ ತಮ್ಮನಿಗೆ ತೊಡಿಸಿದ್ದರು. ಬಿಲ್ಲೆಯು ಅಣ್ಣನು ನಿಜವಾಗಿ ಗಳಿಸಿದ್ದು. "ಬಿಚ್ಚೋಣ ಅಂತಿದ್ದೆ ಸ್ವಾಮಿ. ಬಟ್ಟೆ ಎಲ್ಲ ಮಾಸಿದೆ, ಅದರ ಅಡಿ ಮಾತ್ರ ಹೊಸದಾಗಿದೆ. ಬಿಚ್ಚಿದರೆ ಕಲೆ ಹಾಗೆ ಕಾಣುತ್ತಲ್ಲ ಅಂತ ಬಿಟ್ಟೆ. ಅವನಿಗೂ ಅಣ್ಣನದು ಇರಲಿ ಅಂತ ಆಸೆ" ಎಂದರು. ಗೋಡೆಯ ಗೂಟದಲ್ಲಿ ಆ ಅಂಗಿ ತೂಗುತ್ತಿತ್ತು. ಅದರ ತೋಳಿನಲ್ಲಿ ಬಣ್ಣ ಮಾಸದ ಒಂದು ದುಂಡು ಗುರುತು, ನಮ್ಮ ಬ್ಲೇಡು ಆಡಿದ ಕಡೆ ಒಂದೆರಡು ದಾರದ ತುದಿಗಳು.

ಹುಡುಗ ಮಾಡಿದ್ದು ಸರಿಯೆಂದು ನಾವು ಈಗಲೂ ಹೇಳುವುದಿಲ್ಲ. ಜಾತ್ರೆಯಲ್ಲಿ ಕಳೆದುಹೋದ ನಿಮಿಷಗಳು ಯಾರದೋ ಪ್ರಾಣವಾಗಬಹುದಾಗಿತ್ತು. ಆದರೆ ಪ್ರತಿ ವಾರವೂ ಅವನನ್ನು ಸಾಲಿನಲ್ಲಿ ನಿಲ್ಲಿಸಿ ಉಗುರು, ಬೂಟು, ಕೊರಳವಸ್ತ್ರದ ಮಡಿಕೆಗಳನ್ನು ಪರೀಕ್ಷಿಸುತ್ತಿದ್ದವರು ನಾವು. ಆ ಬಿಲ್ಲೆ ತಿಂಗಳುಗಟ್ಟಲೆ ನಮ್ಮ ಕಣ್ಣೆದುರಿಗೇ ಇದ್ದಿತು. ದಳದ ಪುಸ್ತಕದಲ್ಲಿ ಅದಕ್ಕೆ ಸಮನಾದ ನಮೂದಿದೆಯೇ ಎಂದು ನೋಡಬೇಕಾದವರೂ ನಾವೇ. ನೋಡಿ, ಒಂದು ಸಂಜೆ ಅವನನ್ನು ಪಕ್ಕಕ್ಕೆ ಕರೆದು, 'ಇದು ಎಲ್ಲಿಂದ ಬಂತಪ್ಪಾ?' ಎಂದು ಕೇಳಿದ್ದರೆ ಅದು ಎರಡು ನಿಮಿಷದ ಕೆಲಸ. ಅವನು ಈಗ ಬೇರೊಂದು ಊರಿನಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡು ಮರ್ಯಾದೆಯಿಂದ ಬಾಳುತ್ತಿದ್ದಾನೆ. ಎದುರಾದಾಗಲೆಲ್ಲ ಕೈಮುಗಿಯುತ್ತಾನೆ. ಮೊದಲು ದೃಷ್ಟಿಯನ್ನು ತಗ್ಗಿಸುವವರು ನಾವು.

ಎದುರುಮನೆಯ ಮೊಮ್ಮಗನ ವಿಷಯದಲ್ಲಿ ಆ ತಪ್ಪು ಮತ್ತೆ ಆಗಬಾರದೆಂದು, ಅಜ್ಜಿಯನ್ನು ನಮ್ಮ ಮನೆಯವರ ಜತೆಯಲ್ಲಿ ಮಾತನಾಡಲು ಒಳಗೆ ಕಳುಹಿಸಿ ಹುಡುಗನನ್ನು ಜಗುಲಿಗೆ ಕರೆದೆವು. ಮೂರು ಬಿಲ್ಲೆಗಳನ್ನೂ ಅವನ ಮುಂದಿಟ್ಟೆವು. "ಎಲ್ಲರೂ ಹಾಕಿಕೊಳ್ಳುತ್ತಾರೆ, ಸಾರ್" ಎಂದನು. ಇರಬಹುದೆಂದೆವು. "ಮೇಳ ನಡೆಯುವ ಕಡೆ ಒಂದು ಕೆರೆಯಿದೆ. ಒಂದು ಮಗು ಕಾಲುಜಾರಿ ಬಿತ್ತು ಅಂತ ಇಟ್ಟುಕೋ. ಅದರ ತಾಯಿ ಯಾರ ಕಡೆಗೆ ಓಡಿಬರುತ್ತಾಳೆ?" ಎಂದು ಕೇಳಿದೆವು. ಅವನು ಬಹಳ ಹೊತ್ತು ಈಜಿನ ಬಿಲ್ಲೆಯನ್ನು ನೋಡುತ್ತಿದ್ದು ತಾನೇ ಅದನ್ನು ತಿರುವಿಟ್ಟನು. ಪ್ರಥಮ ಚಿಕಿತ್ಸೆಯದನ್ನೂ ಹಾಗೆಯೇ ಮಾಡಿದನು. ಅಡಿಗೆಯದಕ್ಕೆ ಮಾತ್ರ ವಾದಕ್ಕೆ ನಿಂತನು: "ನನಗೆ ಚಿತ್ರಾನ್ನ ಮಾಡುವುದಕ್ಕೆ ಬರುತ್ತೆ, ಸಾರ್. ಬೇಕಾದರೆ ಅಜ್ಜಿಯನ್ನು ಕೇಳಿ." ನಮಗೆ ನಗು ಬಂದಿತು. ಬಯಲಿನಲ್ಲಿ ಒಲೆ ಹೂಡಿ, ಹಸಿ ಸೌದೆಯ ಹೊಗೆಯಲ್ಲಿ, ಗೆಳೆಯರಿಗೆಲ್ಲ ಸಾಲುವಷ್ಟು ಮಾಡಿ, ಪರೀಕ್ಷಕರ ಕೈಯಿಂದ ರುಜು ಹಾಕಿಸಿಕೊಂಡು ಬಂದರೆ ನಮ್ಮ ಮನೆಯಲ್ಲಿಯೇ ಅದನ್ನು ಹೊಲಿಸಿಕೊಡುವುದಾಗಿ ಮಾತು ಕೊಟ್ಟೆವು. ಮೂರನ್ನೂ ಒಂದು ಲಕೋಟೆಯಲ್ಲಿ ಹಾಕಿ ಅವನೇ ತನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡನು.

ನೆನಪಿನ ಬಿಲ್ಲೆಗಳಿಗೆ ಅಜ್ಜಿಯೇ ದಾರಿ ಕಂಡುಹಿಡಿದರು. ಆಕೆಯ ತವರು ಧಾರವಾಡದ ಕಡೆ. ಹಳೆಯ ಸೀರೆಗಳಿಂದ ಮೊಮ್ಮಗನಿಗಾಗಿ ಒಂದು ಕೌದಿಯನ್ನು ಹೊಲಿಯುತ್ತಿದ್ದರು. ಅಮೆರಿಕೆಯ ಕಂಬಳಿಯ ಮಾತನ್ನು ಕೇಳಿದೊಡನೆ, "ಹಾಗಾದರೆ ಇವು ಕೌದಿಗೆ" ಎಂದುಬಿಟ್ಟರು. ಹುಡುಗನಿಗೆ ಅದು ಅಂಗಿಗಿಂತ ಹೆಚ್ಚು ಹಿಡಿಸಿತು. ಉಳಿದ ಮೂರನ್ನು ಅಂಗಿಗೆ ಹೊಲಿದದ್ದಾಯಿತು. ತಂದೆಗೆ ಸ್ವಲ್ಪ ಅಸಮಾಧಾನವಾಯಿತೆಂದು ಆಮೇಲೆ ಕೇಳಿದೆವು. ಹಣ ತೆತ್ತವರು ಅವರು. ಮಗನ ಅಂಗಿ ಬೋಳಾಗಿ ಕಾಣುವ ಸಂಕಟವೂ ಅವರದೇ. ಆ ಸಂಕಟವು ಅಲ್ಪವಾದದ್ದೆಂದು ನಾವು ಎಣಿಸುವುದಿಲ್ಲ. ಆದರೆ ಮಕ್ಕಳ ಸಮವಸ್ತ್ರಕ್ಕೆ ಏನನ್ನಾದರೂ ಹೊಲಿಯುವ ಮೊದಲು, ಅದನ್ನು ಯಾರು, ಯಾವ ದಿನ, ಯಾತಕ್ಕಾಗಿ ಕೊಟ್ಟರು ಎಂದು ಮಗುವನ್ನು ಒಂದು ಮಾತು ಕೇಳುವುದು ಮನೆಯ ಹಿರಿಯರಿಗೆ ಕಷ್ಟವಾಗಲಾರದು. ಅಣ್ಣಂದಿರ ಅಕ್ಕಂದಿರ ಅಂಗಿಯನ್ನು ಕಿರಿಯರಿಗೆ ತೊಡಿಸುವ ಮನೆಗಳಲ್ಲಿ ಬಿಲ್ಲೆಯನ್ನು ಬಿಚ್ಚಿ ಗಳಿಸಿದವರ ಹೆಸರಿನಲ್ಲಿ ತೆಗೆದಿಡಲಿ. ಅದರ ಅಡಿಯ ಕಲೆ ನಾಲ್ಕು ಒಗೆತಕ್ಕೆ ಕಾಣದಾಗುವುದು.

ಅಂದು ಹೊರಡುವಾಗ ಅಜ್ಜಿ ಬಾಗಿಲಲ್ಲಿ ನಿಂತು ಹೇಳಿದರು: "ನಿಮ್ಮಂಥ ವಿದ್ವಾಂಸರು ಹೇಳಿದ ಮೇಲೆ ಆಯಿತು ಮೇಷ್ಟ್ರೇ. ಹೋದ ವರ್ಷ ಉತ್ಸವದ ಕರೆಯೋಲೆಯಲ್ಲಿ ನಿಮ್ಮ ಹೆಸರಿನ ಹಿಂದೆ ವಿದ್ವಾನ್ ಅಂತ ಹಾಕಿದ್ದರಲ್ಲ, ನಮ್ಮ ಹುಡುಗನೇ ಓದಿ ತೋರಿಸಿದ."

ನಾವು ನಕ್ಕು ಬೀಳ್ಕೊಟ್ಟೆವು. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಸಂಸ್ಕೃತದ ಪರೀಕ್ಷೆಗಳಲ್ಲಿ ಪ್ರಥಮಾ, ಕಾವ್ಯ, ಸಾಹಿತ್ಯ, ಇವುಗಳ ಮೇಲೆ ವಿದ್ವನ್ಮಧ್ಯಮಾ, ಅದರ ಮೇಲೆ ವಿದ್ವದುತ್ತಮಾ. ನಾವು ಮಧ್ಯಮಾ ಮುಗಿಸಿದೆವು. ಉತ್ತಮಾ ಪರೀಕ್ಷೆಗೆ ಕಟ್ಟಲೇ ಇಲ್ಲ. ಆಗ ಕೆಲಸ ಸಿಕ್ಕಿತು, ಅನಂತರ ಸಂಸಾರ, ಅನಂತರ ಸೋಮಾರಿತನ. ಉತ್ಸವದ ಸಮಿತಿಯವರು ಗೌರವದಿಂದ ಆ ಮಾತನ್ನು ಸೇರಿಸಿದ್ದರು. ಕರಡು ನಮ್ಮ ಕೈಗೇ ಬಂದಿತ್ತು. ಅದರಲ್ಲಿದ್ದ ಎರಡು ಅಕ್ಷರದೋಷಗಳನ್ನು ಕೆಂಪು ಮಸಿಯಲ್ಲಿ ತಿದ್ದಿ ಕಳುಹಿಸಿದ್ದೆವು. 'ವಿದ್ವಾನ್' ಎಂಬುದನ್ನು ತಿದ್ದಿರಲಿಲ್ಲ.

ಮರುದಿನ ಬೆಳಗ್ಗೆ ಹುಡುಗ ಮೂರು ಬಿಲ್ಲೆಗಳ ಅಂಗಿಯನ್ನು ತೊಟ್ಟು ಬಸ್ಸು ಹತ್ತಿದ ಮೇಲೆ ನಾವು ಸಮಿತಿಯವರಿಗೆ ಒಂದು ಕಾಗದ ಬರೆದೆವು. ಈ ಸಲದ ಕರೆಯೋಲೆ ನಿನ್ನೆ ಕೈಸೇರಿತು. 'ನಿವೃತ್ತ ಉಪಾಧ್ಯಾಯರು' ಎಂದು ಸರಿಯಾಗಿಯೇ ಅಚ್ಚಾಗಿದೆ. ಹೆಸರು ಮಾತ್ರ ಹೋದ ವರ್ಷಕ್ಕಿಂತ ನಾಲ್ಕು ಸಾಲು ಕೆಳಕ್ಕೆ ಇಳಿದಿದೆ.